ಮೊದಲ ಸಲ ಮೈಸೂರಿಗೆ ಸೈಕಲ್ ತುಳಿಯುವ ಮುನ್ನ

ಬೆಂಗಳೂರಿನಿಂದ ಮೈಸೂರು ಸುಮಾರು 145 ಕಿಲೋಮೀಟರ್. ಅಭ್ಯಾಸವಿಲ್ಲದೆ ಹೊರಡಬೇಡಿ. ನಾನು ಎರಡು ತಿಂಗಳು ಭಾನುವಾರ ತಪ್ಪಿಸಲಿಲ್ಲ: ಕೆಂಗೇರಿಯಿಂದ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ವಾಪಸ್, ಆಮೇಲೆ ರಾಮನಗರ, ಕೊನೆಗೆ ಚನ್ನಪಟ್ಟಣ. ಹೋಗಿಬರುವ ದಾರಿ ನೂರರ ಹತ್ತಿರ ಬಂದ ಮೇಲೆಯೇ ಧೈರ್ಯ ಬಂದದ್ದು.

ಸೀಟಿನ ಎತ್ತರ ಮೊದಲು ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ನನ್ನದು ಎರಡು ಬೆರಳು ತಗ್ಗಿತ್ತು, ರಾಮನಗರ ದಾಟುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು.

ಟ್ಯೂಬು ಬದಲಿಸುವುದನ್ನು ಮನೆಯಲ್ಲೇ ಕಲಿಯಿರಿ, ಅದೂ ಹಿಂದಿನ ಚಕ್ರದಲ್ಲಿ. ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದುಕೊಂಡರೆ ಚಕ್ರ ಸಲೀಸಾಗಿ ಬಿಚ್ಚುತ್ತದೆ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಮದ್ದೂರಿನ ಹತ್ತಿರ ನಾನು ಇದನ್ನು ಮರೆತೆ. ಅಕ್ಕಿಕಾಳಿನಷ್ಟು ಜಾಲಿಮುಳ್ಳು ಒಳಗೇ ಉಳಿದಿತ್ತು, ಹತ್ತೇ ನಿಮಿಷಕ್ಕೆ ಹೊಸ ಟ್ಯೂಬೂ ಹೋಯಿತು. ಅಂದಿನಿಂದ ಎರಡು ಟ್ಯೂಬು, ಪ್ಯಾಚು, ಟೈರ್ ಬಿಚ್ಚುವ ಲಿವರ್, ಪಂಪು ಇಲ್ಲದೆ ಮನೆ ಬಿಡುವುದಿಲ್ಲ.

ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆ ಹಿಡಿದು, ಊರುಗಳೊಳಗಿನ ಹಳೇ ದಾರಿಯಲ್ಲೇ ಹೋಗಿ. ಬೆಳಗಿನ ಜಾವ ಐದಕ್ಕೆ ಹೊರಡಿ, ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ಹಸಿವಾಗುವ ಮೊದಲೇ ತಿನ್ನಿ. ಜೇಬಿನಲ್ಲಿ ಕಡಲೆಮಿಠಾಯಿ, ಏಲಕ್ಕಿ ಬಾಳೆಹಣ್ಣು; ಒಂದು ಬಾಟಲಿಗೆ ಓಆರ್‌ಎಸ್. ಮದ್ದೂರು ವಡೆ ಒಂದು ಸಾಕು, ಎಣ್ಣೆ ಹೆಚ್ಚಾದರೆ ಮಂಡ್ಯದವರೆಗೂ ಹೊಟ್ಟೆ ಭಾರ. ಹೊಸ ಶೂ, ಹೊಸ ಚಡ್ಡಿ ಅವತ್ತು ಬೇಡವೇ ಬೇಡ.