ಯಂತ್ರಕ್ಕೆ ಪೇಟೆಂಟ್ ಉಂಟು, ಚಿಕಿತ್ಸಾ ಕ್ರಮಕ್ಕೆ ಇಲ್ಲ: ದಾವಣಗೆರೆಯಲ್ಲೇ ಕುಳಿತು ಅರ್ಜಿ ಹಾಕುವ ಬಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿ, ಚನ್ನಗಿರಿಯ ಅಡಿಕೆ ಸುಲಿಯುವ ಶೆಡ್ಡು, ಚಳ್ಳಕೆರೆಯ ಎಣ್ಣೆ ಗಿರಣಿ, ಒಂದು ಕಾಲಕ್ಕೆ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ವರ್ಕ್‌ಶಾಪು, ಇಲ್ಲೆಲ್ಲ ಯಂತ್ರವನ್ನು ಬಿಚ್ಚಿ ತಮ್ಮ ಕೆಲಸಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ಕೈಗಳಿವೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿರುವುದರಿಂದ ಆಸ್ಪತ್ರೆಯ ಸಾಧನಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೂ ಕೊರತೆಯಿಲ್ಲ. ಇಂಥವರು ತಮ್ಮ ಹೊಸ ಉಪಾಯಕ್ಕೆ ಪೇಟೆಂಟ್ ಪಡೆಯಬೇಕೆಂದರೆ ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅರ್ಜಿಗೆ ಮೊದಲು ಪ್ರದರ್ಶನ ಬೇಡ

ಅರ್ಜಿ ಸಲ್ಲಿಸುವ ದಿನದವರೆಗೆ ಉಪಾಯವು ಸಾರ್ವಜನಿಕವಾಗಿರಬಾರದು ಎಂಬುದು ಮೊದಲ ಷರತ್ತು. ಯಂತ್ರ ಓಡುವ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕುವುದು, ಕೃಷಿ ಮೇಳದ ಮಳಿಗೆಯಲ್ಲಿ ನಿಲ್ಲಿಸುವುದು, ಪಕ್ಕದ ಊರಿನ ಗಿರಣಿಗೆ ಒಂದು ಮಾರಿಬಿಡುವುದು, ಇವೆಲ್ಲವೂ ಆ ಉಪಾಯದ ಹೊಸತನವನ್ನು ಕಳೆಯುತ್ತವೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಇದೆಯಾದರೂ ಕಾಲೇಜಿನ ಪ್ರಾಜೆಕ್ಟ್ ಮೇಳವನ್ನು ಆ ಸಾಲಿಗೆ ಸೇರಿಸಿಕೊಂಡು ಧೈರ್ಯ ಮಾಡುವುದು ಸರಿಯಲ್ಲ. ಹಣ ಹೂಡುವವರಿಗೆ ಇಲ್ಲವೇ ಬಿಡಿಭಾಗ ಮಾಡಿಕೊಡುವವರಿಗೆ ತೋರಿಸಲೇಬೇಕಾದರೆ, ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿಸಿಕೊಂಡ ನಂತರವೇ ತೋರಿಸಬೇಕು.

ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ

ಭಾರತದ ಪೇಟೆಂಟ್ ಕಾಯ್ದೆ, 1970ರ ಮೂರನೇ ಕಲಮು ಪೇಟೆಂಟ್ ಸಿಗದ ಸಂಗತಿಗಳನ್ನು ಪಟ್ಟಿ ಮಾಡುತ್ತದೆ. ವೈದ್ಯಕೀಯ ಕ್ಷೇತ್ರದವರು ಇದನ್ನು ಓದದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಮನುಷ್ಯರಿಗೆ ಅಥವಾ ಪ್ರಾಣಿಗಳಿಗೆ ನೀಡುವ ಚಿಕಿತ್ಸೆಯ, ಶಸ್ತ್ರಕ್ರಿಯೆಯ, ರೋಗ ತಡೆಯುವ ಅಥವಾ ಪತ್ತೆಹಚ್ಚುವ ವಿಧಾನಕ್ಕೆ ನಮ್ಮಲ್ಲಿ ಪೇಟೆಂಟ್ ಇಲ್ಲ. ಅಮೆರಿಕದಲ್ಲಿ ಚಿಕಿತ್ಸಾ ವಿಧಾನಕ್ಕೂ ಪೇಟೆಂಟ್ ಸಿಗುವುದರಿಂದ, ಅಲ್ಲಿನ ದಾಖಲೆಗಳನ್ನು ಓದಿ ಅದೇ ಮಾದರಿಯಲ್ಲಿ ಅರ್ಜಿ ಬರೆದವರು ಇಲ್ಲಿ ಮುಗ್ಗರಿಸುತ್ತಾರೆ.

ಆದರೆ ಚಿಕಿತ್ಸೆಗೆ ಬಳಸುವ ಸಾಧನಕ್ಕೆ ಈ ಅಡ್ಡಿಯಿಲ್ಲ. ಫಿಸಿಯೊಥೆರಪಿಸ್ಟ್ ಒಬ್ಬರು ಮೊಣಕಾಲು ಶಸ್ತ್ರಕ್ರಿಯೆಯಾದವರಿಗೆ ನಿಧಾನವಾಗಿ ಕಾಲು ಮಡಚಿಸುವ ಹೊಸ ಕ್ರಮವನ್ನು ಕಂಡುಕೊಂಡಿದ್ದಾರೆ ಎಂದುಕೊಳ್ಳೋಣ. ದಿನಕ್ಕೆ ಇಷ್ಟು ಸಲ, ಇಷ್ಟು ಕೋನದವರೆಗೆ ಎಂಬ ಕ್ರಮವು ಚಿಕಿತ್ಸಾ ವಿಧಾನವಾದ್ದರಿಂದ ಅರ್ಜಿ ತಿರಸ್ಕೃತವಾಗುತ್ತದೆ. ಅದೇ ಕೆಲಸವನ್ನು ಮಾಡುವ, ಕಾಲಿನ ಪ್ರತಿರೋಧ ಹೆಚ್ಚಾದೊಡನೆ ತಾನೇ ಹಿಂದೆ ಸರಿಯುವ ಮೋಟಾರು ಚೌಕಟ್ಟಾದರೆ ಅದು ಪೇಟೆಂಟ್ ಕಚೇರಿಯ ಪರೀಕ್ಷೆಗೆ ಅರ್ಹವಾದ ಸಾಧನ. ತಿಳಿವಳಿಕೆ ಒಂದೇ ಇದ್ದರೂ ಯಾವುದನ್ನು ಮುಂದಿಟ್ಟು ಹಕ್ಕು ಕೇಳುತ್ತೇವೆ ಎಂಬುದರ ಮೇಲೆ ಫಲ ನಿಂತಿದೆ.

ಮನೆಮದ್ದನ್ನು ಹೊಸದೆಂದು ತರುವವರಿಗೂ ಇದೇ ಕಲಮು ಬಾಗಿಲು ಹಾಕುತ್ತದೆ, ಏಕೆಂದರೆ ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ. ಅರಿಸಿನದಿಂದ ಗಾಯ ಮಾಯಿಸುವ ಬಗೆಗೆ ಅಮೆರಿಕದಲ್ಲಿ 1995ರಲ್ಲಿ ನೀಡಿದ್ದ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಲಿಖಿತ ಆಧಾರಗಳನ್ನು ಮುಂದಿಟ್ಟು 1997ರಲ್ಲಿ ರದ್ದು ಮಾಡಿಸಿತು. ಯಂತ್ರದವರು ಗಮನಿಸಬೇಕಾದ ಉಪಕಲಮು ಬೇರೆ: ಗೊತ್ತಿರುವ ಎರಡು ಸಾಧನಗಳನ್ನು ಪಕ್ಕಪಕ್ಕ ಜೋಡಿಸಿ, ಅವು ತಮ್ಮ ತಮ್ಮ ಕೆಲಸವನ್ನಷ್ಟೇ ಮಾಡುತ್ತಿದ್ದರೆ ಅದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಭಟ್ಟಿಗೆ ಒಂದು ಬ್ಲೋಯರ್ ಕೂರಿಸಿದ ಮಾತ್ರಕ್ಕೆ ಪೇಟೆಂಟ್ ಬರುವುದಿಲ್ಲ.

ಹುಡುಕಾಟ

ಇದೇ ಉಪಾಯ ಈಗಾಗಲೇ ಯಾರದಾದರೂ ಪೇಟೆಂಟ್ ದಾಖಲೆಯಲ್ಲಿ ಇದೆಯೇ ಎಂದು ಹುಡುಕುವ ಈ ಹಂತವನ್ನು ಹಾರಿಸುವವರೇ ಹೆಚ್ಚು. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್, ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸ್‌ನೆಟ್, ಈ ಮೂರೂ ಹುಡುಕು ತಾಣಗಳು ಉಚಿತ. ಬರೀ ಪದ ಹಾಕಿ ಹುಡುಕಿದರೆ ಅರ್ಧ ದಾಖಲೆಗಳು ತಪ್ಪಿಹೋಗುತ್ತವೆ, ಏಕೆಂದರೆ ಒಂದೇ ಯಂತ್ರವನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆದಿರುತ್ತಾರೆ. ಆದ್ದರಿಂದ ಅಂತರರಾಷ್ಟ್ರೀಯ ವರ್ಗೀಕರಣದ ಸಂಕೇತವನ್ನು ಬಳಸಬೇಕು: ಕಾಯಿಗಳ ಸಿಪ್ಪೆ ಸುಲಿಯುವ ಯಂತ್ರಗಳು ಎ23ಎನ್ 5ರ ಕೆಳಗೂ, ಕೈಕಾಲು ಚಾಚಿಸುವ, ಮಡಚಿಸುವ ವ್ಯಾಯಾಮ ಸಾಧನಗಳು ಎ61ಎಚ್ 1ರ ಕೆಳಗೂ ಬರುತ್ತವೆ.

ಹುಡುಕಾಟದಿಂದ ಇನ್ನೊಂದು ಲಾಭವಿದೆ, ಅದನ್ನು ಹೇಳುವವರು ಕಡಿಮೆ. ಪೇಟೆಂಟ್ ಆಯಾ ದೇಶಕ್ಕೆ ಸೀಮಿತವಾದದ್ದು. ಅವಧಿ ಮುಗಿದ ಅಥವಾ ಶುಲ್ಕ ಕಟ್ಟದೆ ಬಿದ್ದುಹೋದ ಪೇಟೆಂಟಿನ ಯಂತ್ರವನ್ನು, ಹಾಗೆಯೇ ಹೊರದೇಶದಲ್ಲಿ ಮಾತ್ರ ಹಕ್ಕು ಪಡೆದ ಯಂತ್ರವನ್ನು ಭಾರತದಲ್ಲಿ ತಯಾರಿಸಿ ಇಲ್ಲೇ ಮಾರುವುದಕ್ಕೆ ಆ ಪೇಟೆಂಟಿನ ಅಡ್ಡಿ ಇರುವುದಿಲ್ಲ. ಸಣ್ಣ ವರ್ಕ್‌ಶಾಪಿಗೆ ತನ್ನದೇ ಪೇಟೆಂಟಿಗಿಂತ ಈ ಭಂಡಾರವೇ ಹೆಚ್ಚು ಬೆಲೆಬಾಳಬಹುದು.

ಅರ್ಜಿ ಮತ್ತು ಹಕ್ಕುಕೋರಿಕೆ

ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಸೇರುತ್ತವೆ. ಆನ್‌ಲೈನ್ ಮೂಲಕ ಸಲ್ಲಿಸಬಹುದಾದ್ದರಿಂದ ಪ್ರಯಾಣ ಬೇಕಿಲ್ಲ, ಆದರೆ ಡಿಜಿಟಲ್ ಸಹಿ ಬೇಕು. ವ್ಯಕ್ತಿಗಳು, ನವೋದ್ಯಮಗಳು, ಸಣ್ಣ ಉದ್ದಿಮೆಗಳು ಮತ್ತು ಶಿಕ್ಷಣ ಸಂಸ್ಥೆಗಳಿಗೆ ಅರ್ಜಿ ಶುಲ್ಕ 1,600 ರೂಪಾಯಿ, ಉಳಿದವರಿಗೆ 8,000 ರೂಪಾಯಿ. ಯಂತ್ರ ಇನ್ನೂ ಪೂರ್ತಿ ಪಳಗಿಲ್ಲದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕವನ್ನು ಭದ್ರಪಡಿಸಿಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ತಾತ್ಕಾಲಿಕ ವಿವರಣೆಯಲ್ಲಿ ಇಲ್ಲದ ಅಂಶಕ್ಕೆ ಆ ಹಳೆಯ ದಿನಾಂಕ ದಕ್ಕುವುದಿಲ್ಲ, ಆದ್ದರಿಂದ ಎರಡು ಸಾಲು ಗೀಚಿ ಕಳಿಸುವುದು ವ್ಯರ್ಥ.

ಪೂರ್ಣ ವಿವರಣೆಯಲ್ಲಿ ಚಿತ್ರಗಳು, ಕೆಲಸ ಮಾಡುವ ಬಗೆ, ತಮಗೆ ಗೊತ್ತಿರುವ ಅತ್ಯುತ್ತಮ ವಿಧಾನ ಎಲ್ಲವನ್ನೂ ಮುಚ್ಚಿಡದೆ ಬರೆಯಬೇಕು. ಕೊನೆಯಲ್ಲಿ ಬರುವ ಹಕ್ಕುಕೋರಿಕೆಗಳು ಹೊಲದ ಬದುವಿದ್ದಂತೆ, ಅದರೊಳಗೆ ಬಿದ್ದದ್ದಷ್ಟೇ ನಿಮ್ಮದು. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಬಿಸಿಯನ್ನು ಅಳೆದು, ಅದಕ್ಕೆ ತಕ್ಕಂತೆ ಅಕ್ಕಿ ಸುರಿಯುವ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಸಾಧನವನ್ನು ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ‘ಮಂಡಕ್ಕಿ ಹುರಿಯುವ ಯಂತ್ರ’ ಎಂದಷ್ಟೇ ಕೇಳಿದರೆ ಪರೀಕ್ಷಕರು ಹತ್ತಾರು ಹಳೆಯ ದಾಖಲೆಗಳನ್ನು ಎದುರಿಗಿಡುತ್ತಾರೆ. ‘ನಾಲ್ಕು ಬೋಲ್ಟುಗಳಿಂದ ಬಿಗಿದ ಮೂರು ಮಿಲಿಮೀಟರ್ ತಗಡಿನ ಗಾಲಿ’ ಎಂದು ಬರೆದರೆ ಪಕ್ಕದವರು ಐದು ಬೋಲ್ಟು ಹಾಕಿ ಪಾರಾಗುತ್ತಾರೆ. ಬಿಸಿಯನ್ನೂ ಸುರಿಯುವ ವೇಗವನ್ನೂ ಬೆಸೆಯುವ ಕೊಂಡಿಯನ್ನು ಮೊದಲ ಕೋರಿಕೆಯಲ್ಲಿಟ್ಟು, ಗಾಲಿ, ಸೆನ್ಸರ್ ಮುಂತಾದ ವಿವರಗಳನ್ನು ಅದಕ್ಕೆ ಅಧೀನವಾದ ಕೋರಿಕೆಗಳಲ್ಲಿ ಇಡುವುದು ಜಾಣತನ. ಹತ್ತಕ್ಕಿಂತ ಹೆಚ್ಚು ಕೋರಿಕೆಗಳಿಗೂ ಮೂವತ್ತಕ್ಕಿಂತ ಹೆಚ್ಚು ಪುಟಗಳಿಗೂ ಹೆಚ್ಚುವರಿ ಶುಲ್ಕವಿದೆ. ಪೇಟೆಂಟ್ ಏಜೆಂಟರ ನೆರವು ಕಡ್ಡಾಯವಲ್ಲ, ಆದರೆ ಎಲ್ಲಾದರೂ ಹಣ ಕೊಟ್ಟು ಕೆಲಸ ಮಾಡಿಸುವುದಾದರೆ ಅದು ಈ ಹಕ್ಕುಕೋರಿಕೆಗಳ ಬರವಣಿಗೆಗೇ ಆಗಲಿ.

ಅರ್ಜಿಯ ನಂತರ

ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಅದಕ್ಕೆ ನಮೂನೆ 18ರಲ್ಲಿ ಬೇರೆಯೇ ಕೋರಿಕೆ ಸಲ್ಲಿಸಿ, ರಿಯಾಯಿತಿಗೆ ಅರ್ಹರಾದವರು 4,000 ರೂಪಾಯಿ ಕಟ್ಟಬೇಕು. ಈ ಕೋರಿಕೆಗೆ ಮೊದಲು 48 ತಿಂಗಳಿದ್ದ ಗಡುವನ್ನು 2024ರ ತಿದ್ದುಪಡಿ 31 ತಿಂಗಳಿಗೆ ಇಳಿಸಿದೆ. ಹಳೆಯ ಲೇಖನಗಳನ್ನು ನಂಬಿ ಕುಳಿತರೆ ಅರ್ಜಿಯೇ ಬಿದ್ದುಹೋಗುತ್ತದೆ. ಮಹಿಳಾ ಅರ್ಜಿದಾರರು, ನವೋದ್ಯಮಗಳು ಮತ್ತು ಸಣ್ಣ ಉದ್ದಿಮೆಗಳು ಶೀಘ್ರ ಪರೀಕ್ಷೆಯನ್ನು ಕೇಳಬಹುದು. ಪರೀಕ್ಷಕರ ಮೊದಲ ವರದಿಗೆ ಆರು ತಿಂಗಳೊಳಗೆ ಉತ್ತರಿಸಬೇಕು. ಆಕ್ಷೇಪಣೆಗಳು ಬಂದವೆಂದು ಗಾಬರಿಯಾಗಬೇಕಿಲ್ಲ, ಒಂದೂ ಆಕ್ಷೇಪಣೆಯಿಲ್ಲದ ವರದಿ ಅಪರೂಪ.

ಎರಡು ವರ್ಷಕ್ಕೊಮ್ಮೆ ವಿನ್ಯಾಸವೇ ಬದಲಾಗುವ ಸಣ್ಣ ಯಂತ್ರಕ್ಕೆ ಇಷ್ಟು ದೂರದ ದಾರಿ ಬೇಕೇ ಎಂಬುದನ್ನು ಅರ್ಜಿಗೆ ಮೊದಲೇ ಯೋಚಿಸಬೇಕು. ಪೇಟೆಂಟ್ ಕೈಗೆ ಬಂದ ಮೇಲೂ ನಕಲು ಮಾಡಿದವರ ಮೇಲೆ ಜಿಲ್ಲಾ ನ್ಯಾಯಾಲಯದಲ್ಲೋ ಅದಕ್ಕಿಂತ ಮೇಲಿನ ನ್ಯಾಯಾಲಯದಲ್ಲೋ ದಾವೆ ಹೂಡಬೇಕಾದವರು ಪೇಟೆಂಟ್‌ದಾರರೇ. ಹಕ್ಕಿನ ಅವಧಿ ಅರ್ಜಿಯ ದಿನದಿಂದ 20 ವರ್ಷ. ಮೂರನೇ ವರ್ಷದಿಂದ ಅನ್ವಯಿಸುವ ವಾರ್ಷಿಕ ನವೀಕರಣ ಶುಲ್ಕವನ್ನು ಕಟ್ಟದಿದ್ದರೆ ಹಕ್ಕು ರದ್ದಾಗುತ್ತದೆ. ಹಾಗೆ ರದ್ದಾದದ್ದನ್ನು ಉಳಿಸಿಕೊಳ್ಳಲು 18 ತಿಂಗಳೊಳಗೆ, ಬೇಕೆಂದೇ ತಪ್ಪಿಸಿದ್ದಲ್ಲವೆಂದು ಕಾರಣ ತೋರಿಸಿ, ಪುನಃಸ್ಥಾಪನೆಗೆ ಅರ್ಜಿ ಸಲ್ಲಿಸಬೇಕು.