ಕಾವೇರಿ ನೀರಿನ ವಿಡಿಯೋ ಫಾರ್ವರ್ಡ್ ಮಾಡುವ ಮುನ್ನ

ಲೋಕಸಭಾ ಚುನಾವಣೆ ಹತ್ತಿರವಾದಾಗ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ, ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯಿಂದ ರಾತ್ರೋರಾತ್ರಿ ತಮಿಳುನಾಡಿಗೆ ನೀರು ಬಿಟ್ಟರೆಂಬ ವಿಡಿಯೋ ಬಂದರೆ, ಮೊದಲು ಅದರ ಮೇಲೆ ಜೋಡಿ ಬಾಣದ ಗುರುತಿದೆಯೇ ಎಂದು ನೋಡಬೇಕು. ಐದು ಅಥವಾ ಅದಕ್ಕಿಂತ ಹೆಚ್ಚು ಚಾಟ್‌ಗಳನ್ನು ದಾಟಿ ಬಂದ ಸಂದೇಶಕ್ಕೆ ಆ ಗುರುತು ಬೀಳುತ್ತದೆ. ಗುರುತಿಲ್ಲದ ಮಾತ್ರಕ್ಕೆ ಅದು ನಿಜವೆಂದಲ್ಲ. ಬಳಿಕ ಒಂದು ಸ್ಪಷ್ಟ ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ, ಯಾವುದೋ ಹಳೆಯ ಮಳೆಗಾಲದ ಚಿತ್ರವಾಗಿದ್ದಲ್ಲಿ ಹಲವೊಮ್ಮೆ ಅಲ್ಲೇ ಸಿಕ್ಕಿಬೀಳುತ್ತದೆ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ; ಅಂದಂದಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಸ್ಥಳೀಯ ಪತ್ರಿಕೆಗಳಲ್ಲಿ ತಾಳೆ ನೋಡಬಹುದು. (ನೀರಿನ ವಿಷಯ ಬಂದರೆ ನಮ್ಮವರ ಬೆರಳಿಗೆ ತಾಳ್ಮೆ ಕಡಿಮೆ.) ಮತದಾನದ ದಿನಾಂಕ, ಮತದಾರರ ಪಟ್ಟಿಯ ಕುರಿತ ಸುದ್ದಿಯಾದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿದರೆ ಸಾಕು. ಸುಳ್ಳೆಂದು ಖಚಿತವಾದಾಗ, ಕಳುಹಿಸಿದವರನ್ನು ಗುಂಪಿನಲ್ಲಿ ತರಾಟೆಗೆ ತೆಗೆದುಕೊಳ್ಳದೆ, ಪ್ರತ್ಯೇಕವಾಗಿ ತಿಳಿಸಿ ಅವರಿಂದಲೇ ಅಳಿಸಿಸುವುದು ಹೆಚ್ಚು ಫಲಕಾರಿ.