ಕವಡೆ ಹಾಕಿ ಗಸ್ತು ಬಿಟ್ಟೆ, ಶ್ರೀಗಂಧ ಉಳಿಯಿತು

14 ತಿಂಗಳಿಂದ ನಮ್ಮ ಕ್ಯಾಂಪಸ್‌ನಲ್ಲಿ ಒಂದು ಶ್ರೀಗಂಧದ ಮರವೂ ಹೋಗಿಲ್ಲ. ಅದಕ್ಕೆ ಮುಂಚಿನ ಎರಡು ವರ್ಷದಲ್ಲಿ ಹನ್ನೊಂದೋ ಹನ್ನೆರಡೋ ಹೋಗಿದ್ದವು. ನಾನು ನಾಲ್ಕು ಕವಡೆ ತಂದು ಕಂಟ್ರೋಲ್ ರೂಮಿನ ಮೇಜಿನ ಮೇಲೆ ಇಟ್ಟ ದಿನ ನಕ್ಕವರೇ ಈಗ ಫೋನ್ ಮಾಡಿ, "ಸುಬೇದಾರ್ರೇ, ಅದು ಹೇಗೆ ಮಾಡಿದ್ರಿ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದುಬಿಡುತ್ತೇನೆ.

ಸೇನೆಯಲ್ಲಿ 28 ವರ್ಷ ಇದ್ದು ಬಂದವನು ನಾನು. ಐದು ವರ್ಷದಿಂದ ಒಂದು ವಿಶ್ವವಿದ್ಯಾಲಯದಲ್ಲಿ ರಾತ್ರಿ ಗಸ್ತಿನ ಉಸ್ತುವಾರಿ. ಯಾವ ಜಾಗ ಅನ್ನುವುದು ಬೇಡ. 300 ಎಕರೆ ಮೇಲಿದೆ, ಅರ್ಧ ಕುರುಚಲು ಕಾಡು. ರಾತ್ರಿ ಪಾಳಿಗೆ 19 ಜನ. ಗೇಟು, ಹಾಸ್ಟೆಲ್, ಲೈಬ್ರರಿ ಅಂತ ಪಾಯಿಂಟ್ ಹಾಕಿದ ಮೇಲೆ ಗಸ್ತಿಗೆ ಉಳಿಯುವುದು ಆರೇ ಜನ.

ನಾನು ಬಂದಾಗ ಜೀಪ್ ರೌಂಡ್ಸ್ ಇತ್ತು. ಗಂಟೆಗೊಂದು ಸುತ್ತು, ಮೇಲೆ ಕೆಂಪು-ನೀಲಿ ಲೈಟ್. ಬಾಡಿಗೆ, ಡೀಸೆಲ್ ಎಲ್ಲ ಸೇರಿ ತಿಂಗಳಿಗೆ ಹತ್ತಿರತ್ತಿರ 40 ಸಾವಿರ. ಜೀಪ್ ದಾಟಿತು ಅಂದರೆ ಕಳ್ಳನಿಗೆ ಇನ್ನು 50 ನಿಮಿಷ ನಿಶ್ಚಿಂತೆ. ಕೈಗರಗಸ ಇದ್ದರೂ ಅವನಿಗೆ ಅಷ್ಟು ಹೊತ್ತು ಬೇಡ. ಬೆಳಿಗ್ಗೆ ಹೋಗಿ ನೋಡಿದರೆ ಬುಡದಲ್ಲಿ ಹಸಿ ಗರಗಸದ ಪುಡಿ, ಸುತ್ತ ಗಮ್ಮೆನ್ನುವ ವಾಸನೆ. ಆ ವಾಸನೆ ಮೂಗಿಗೆ ಬಂದರೆ ನನಗೆ ಅವತ್ತು ತಿಂಡಿ ಸೇರುತ್ತಿರಲಿಲ್ಲ. 40 ವರ್ಷ ಬೆಳೆದ ಮರ, ಒಂದು ರಾತ್ರಿಯಲ್ಲಿ ಇಲ್ಲ.

ಆಮೇಲೆ ಟ್ಯಾಗ್ ಬಂತು. ಮರಕ್ಕೆ, ಕಂಬಕ್ಕೆ ಬಿಲ್ಲೆ ಹೊಡೆದು, ಗಾರ್ಡ್ ಅಲ್ಲಿಗೆ ಹೋಗಿ ಮೆಷಿನ್ ಮುಟ್ಟಿಸಬೇಕು. ಸುಮಾರು 60 ಸಾವಿರ ಖರ್ಚು. ರಿಪೋರ್ಟ್ ಪೂರ್ತಿ ಹಸಿರು ಬಂದ ರಾತ್ರಿಯೇ ಎರಡು ಮರ ಹೋದವು, ಎರಡು ಬಿಲ್ಲೆಗಳ ಮಧ್ಯದಲ್ಲಿ. ಹುಡುಗರದ್ದು ತಪ್ಪಿಲ್ಲ. ಬಿಲ್ಲೆ ಮುಟ್ಟಿಸುವುದೇ ಕೆಲಸ ಅಂತ ನಾವೇ ಹೇಳಿಕೊಟ್ಟಿದ್ದೆವು. ಅವರು ಬಿಲ್ಲೆಯಿಂದ ಬಿಲ್ಲೆಗೆ ಓಡುತ್ತಿದ್ದರು, ಪಕ್ಕಕ್ಕೆ ನೋಡುತ್ತಿರಲಿಲ್ಲ.

ನಾಯಿ ಪ್ರಯೋಗವನ್ನೂ ಮಾಡಿದೆ. ಬೀದಿ ನಾಯಿಗಳಿಗೆ ಮರಗಳ ಹತ್ತಿರ ಬಿಸ್ಕತ್ತು ಹಾಕಿ ರೂಢಿ ಮಾಡಿಸಿದೆ. ಮೂರು ದಿನ ಇದ್ದವು, ನಾಲ್ಕನೇ ದಿನ ಹಾಸ್ಟೆಲ್ ಮೆಸ್ಸಿಗೆ ವಾಪಸ್. ಮರಕ್ಕೆ ಕಬ್ಬಿಣದ ಜಾಲರಿ ಕಟ್ಟಿಸಿದೆವು, ಒಂದಕ್ಕೆ ಎರಡೂವರೆ ಸಾವಿರ ಬಿತ್ತು. ಜಾಲರಿ ಕಟ್ಟಿದ ಮರವೇ ಬೆಲೆಬಾಳುವುದು ಅಂತ ಕಳ್ಳನಿಗೆ ತೋರಿಸಿಕೊಟ್ಟ ಹಾಗಾಯಿತು. ದಯವಿಟ್ಟು ಯಾರೂ ಅದಕ್ಕೆ ದುಡ್ಡು ಹಾಕಬೇಡಿ.

ಕೆಲಸಕ್ಕೆ ಬಂದದ್ದು ರಂಗೋಲಿ ಪುಡಿ. ಗಂಧದ ಹಣ್ಣನ್ನು ಹಕ್ಕಿ ತಿಂದು ಬೇಲಿ ಮೇಲೆ ಕೂತು ಉದುರಿಸುತ್ತದೆ. ಬೇರೆ ಗಿಡದ ಬೇರಿನ ಆಸರೆ ಬೇಕಾದ ಮರ ಅದು, ಬೇಲಿ ಸಾಲಿನಲ್ಲೇ ಹುಟ್ಟುತ್ತದೆ. ಹಾಗಾಗಿ ನಮ್ಮ ಮರಗಳೂ ಜಾಸ್ತಿ ಕಾಂಪೌಂಡ್ ಪಕ್ಕದಲ್ಲೇ. ಸಂಜೆ ಗೋಡೆಯ ತಲೆಗೆ ತೆಳ್ಳಗೆ ಪುಡಿ ಉದುರಿಸಿಬಿಡುತ್ತಿದ್ದೆ. ಬೆಳಿಗ್ಗೆ ಒಂದು ಸುತ್ತು ಬಂದರೆ ಸಾಕು, ಎಲ್ಲಿ ಕೈ ಊರಿದ್ದಾರೆ, ಎಲ್ಲಿ ಹೊಟ್ಟೆ ಒರೆಸಿಕೊಂಡು ಹತ್ತಿದ್ದಾರೆ, ಬರೆದಿಟ್ಟ ಹಾಗೆ ಕಾಣುತ್ತದೆ. ಕೆಜಿಗೆ ಮೂವತ್ತೋ ನಲವತ್ತೋ ರೂಪಾಯಿ. ಎರಡು ವಾರದಲ್ಲಿ ಐದು ಜಾಗ ಗೊತ್ತಾದವು. ಎರಡು ಕಡೆ ಸಿನಿಮಾಗೆ ಹೋಗಿ ಬರುವ ನಮ್ಮ ಹಾಸ್ಟೆಲ್ ಹುಡುಗರೇ. ಮೂರು ಕಡೆ ಹೊರಗಿನವರು. ಹೇಗೆ ಬೇರೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಕವಡೆ. ನಮ್ಮ ರೌಂಡ್ಸ್ ಹೊತ್ತು ಒಳಗಿನವರು ಯಾರೋ ಹೇಳುತ್ತಿದ್ದಾರೆ ಅಂತ ನನಗೆ ಅನುಮಾನ ಇತ್ತು. ಯಾರು ಅಂತ ಹುಡುಕಲು ಹೋದರೆ ಎಲ್ಲರ ಮನಸ್ಸು ಕೆಡುತ್ತದೆ. ಅದರ ಬದಲು ಯಾರಿಗೂ ಹೊತ್ತು ಗೊತ್ತಿರಬಾರದು, ನನಗೂ ಗೊತ್ತಿರಬಾರದು. ಊರಿಗೆ ಹೋದಾಗ ಅಮ್ಮ ಮೊಮ್ಮಕ್ಕಳ ಜೊತೆ ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದರು. ನೋಡುತ್ತಾ ಕೂತವನಿಗೆ ಅಲ್ಲೇ ಹೊಳೆಯಿತು.

ಲೆಕ್ಕ ಹೀಗೆ. ಒಂದು ಗಸ್ತು ಮುಗಿಸಿ ಬಂದ ತಕ್ಷಣ ಕಂಟ್ರೋಲ್ ರೂಮಿನಲ್ಲಿರುವ ಹೆಣ್ಣುಮಗಳು ಕವಡೆ ಹಾಕುತ್ತಾಳೆ. ಒಂದು ಬಿದ್ದರೆ 20 ನಿಮಿಷ ಬಿಟ್ಟು ಹೊರಡು, ಎರಡಕ್ಕೆ 40, ಮೂರಕ್ಕೆ 60. ನಾಲ್ಕೂ ಕವುಚಿ ಬಾರಾ ಬಿದ್ದರೆ ನೀರು ಕುಡಿದು ಈಗಲೇ ಹೊರಡು, ಬಂದ ದಾರಿಯಲ್ಲೇ ಉಲ್ಟಾ. ನಾಲ್ಕೂ ಅಂಗಾತ ಚೌಕ ಬಿದ್ದರೆ ಸುತ್ತುವುದೇ ಬೇಡ. ಟಾರ್ಚ್ ಆರಿಸಿ, ವಾಕಿಟಾಕಿ ದನಿ ಇಳಿಸಿ, ಹೇಳಿದ ಜಾಗದಲ್ಲಿ 45 ನಿಮಿಷ ಸುಮ್ನೆ ಕೂತು ಕಿವಿಗೊಡು. ಜೀಪ್ ಬಿಟ್ಟೆವು. ಹಳೇ ಸೈಕಲ್ ಆರು ತಂದೆವು, ರಿಪೇರಿ ಸೇರಿ ಒಂದಕ್ಕೆ ಮೂರು ಸಾವಿರದ ಆಸುಪಾಸು. ಉಳಿದ ದುಡ್ಡಲ್ಲಿ ಗಸ್ತಿನವರಿಗೆ ರಾತ್ರಿಗೆ 50 ರೂಪಾಯಿ ಭತ್ಯೆ ಮತ್ತು ಒಂದು ಫ್ಲಾಸ್ಕ್ ಟೀ ಅಂತ ಹಟ ಹಿಡಿದು ಮಂಜೂರು ಮಾಡಿಸಿದೆ. ಆ ಫೈಲ್ ಮೂರು ತಿಂಗಳು ಅಲೆಯಿತು. "ಡ್ಯೂಟಿಯಲ್ಲಿ ಜೂಜಾ?" ಅಂತ ಕೇಳಿದರು. ಒಂದು ತಿಂಗಳು ಕೊಡಿ ಅಂದೆ. ಮೊದಲ ವಾರದಲ್ಲೇ ಒಂದು ಮರ ಹೋಯಿತು. ಆಗ ಮಾತ್ರ ಎದೆ ಧಸಕ್ ಅಂದಿತು. ಆದರೂ ಬಿಡಲಿಲ್ಲ. ಅದೇ ಕೊನೆ.

ಆಳು ಆರಿಸುವುದರ ಬಗ್ಗೆ ಒಂದು ಮಾತು. ಸೆಕ್ಯೂರಿಟಿ ಗಾರ್ಡ್ ಆಗಲು 1 ಕಿಲೋಮೀಟರ್ 6 ನಿಮಿಷದಲ್ಲಿ ಓಡಬೇಕು ಅಂತ ನಿಯಮವಿದೆ. ಒಂದು ಭಾನುವಾರ ಎಲ್ಲ ಪಾಳಿಯ 42 ಜನರನ್ನೂ ಟ್ರ್ಯಾಕಿಗೆ ಕರೆದೆ. ಒಂಬತ್ತು ಜನ ಓಡಿದರು. ಅವರಲ್ಲಿ ಗಸ್ತಿಗೆ ತೆಗೆದುಕೊಂಡಿದ್ದು ಇಬ್ಬರನ್ನೇ. ನನಗೆ ಬೇಕಿದ್ದದ್ದು ಕತ್ತಲಲ್ಲಿ ಮುಕ್ಕಾಲು ಗಂಟೆ ಕೆಮ್ಮದೆ, ಮೊಬೈಲ್ ತೆಗೆಯದೆ, ಬೀಡಿ ಹಚ್ಚದೆ ಕೂರುವವರು. ಅದರಲ್ಲಿ ಗೆದ್ದವರು ಕನಕಪುರ ಕಡೆಯ 56 ವರ್ಷದ ಒಬ್ಬರು. ರಾಗಿ ಹೊಲದ ಅಟ್ಟಣೆಯಲ್ಲಿ ಆನೆ ಕಾದು ಬೆಳೆದವರು. ಓಡಲು ಮಂಡಿ ಬಿಡುವುದಿಲ್ಲ, ಕಿವಿ ಮಾತ್ರ ಚಾಕು.

ಅವರೇ ಹಿಡಿದದ್ದು. ಕಾರ್ತಿಕ ಮಾಸ, ರಾತ್ರಿ ಎರಡರ ಮೇಲೆ. ಚೌಕ ಬಿದ್ದಿತ್ತು. ಪುಡಿ ತೋರಿಸಿದ್ದ ಮೂರನೇ ಜಾಗದಲ್ಲಿ ನಾನೂ ಅವರೂ ಇನ್ನೊಬ್ಬ ಹುಡುಗನೂ ಕೂತಿದ್ದೆವು. ನನಗೆ ಜೀರುಂಡೆ ಬಿಟ್ಟು ಏನೂ ಕೇಳಿಸಲಿಲ್ಲ. ಅವರು ನನ್ನ ಮೊಣಕೈ ಹಿಡಿದು, "ಸರ್, ಎಡಗಡೆ ಜೀರುಂಡೆ ನಿಂತೋಯ್ತು" ಅಂದರು. ಅರ್ಧ ನಿಮಿಷಕ್ಕೆ ಕರ್ ಕರ್ ಅಂತ ಗರಗಸ. ಮೈಮೇಲೆ ಬೀಳಬೇಡಿ ಅಂತ ಮೊದಲೇ ಹೇಳಿದ್ದೆ, ಕಳ್ಳರ ಕೈಯಲ್ಲಿ ಮಚ್ಚು ಇರುತ್ತದೆ. ನಮ್ಮಲ್ಲೊಬ್ಬ ಗೋಡೆ ಕಡೆ ಅಡ್ಡ ನಿಂತ. ಮೂರು ಕಡೆಯಿಂದ ಒಟ್ಟಿಗೆ ಟಾರ್ಚ್, ಸೀಟಿ. ಕಳ್ಳರಲ್ಲಿ ಒಬ್ಬ ಮುಳ್ಳುಪೊದೆ ಹಾರಿ ತಪ್ಪಿಸಿಕೊಂಡ. ಇಬ್ಬರು ಮಚ್ಚು ಬಿಸಾಕಿ ಕೂತುಬಿಟ್ಟರು.

ನಮಗೆ ಪೊಲೀಸ್ ಅಧಿಕಾರ ಇಲ್ಲ, ಇದನ್ನು ಯಾರೂ ಮರೆಯಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಪ್ರಕಾರ ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಮನುಷ್ಯನೂ ಹಿಡಿಯಬಹುದು. ಆದರೆ ತಡ ಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. 112ಕ್ಕೆ ಫೋನ್ ಮಾಡಿದೆ. ಅರ್ಧ ಗಂಟೆಯೊಳಗೆ ಬಂದರು. ಅಷ್ಟರವರೆಗೆ ಅವರಿಬ್ಬರ ಮೇಲೆ ಒಂದು ಏಟು ಬೀಳಲು ಬಿಡಲಿಲ್ಲ, ಕುಡಿಯಲು ನೀರು ಕೊಡಿಸಿದೆ. ಹುಡುಗರಿಗೆ ಕೈ ತುರಿಸುತ್ತಿತ್ತು. ಹೊಡೆದಿದ್ದರೆ ಕೇಸ್ ನಮ್ಮ ಮೇಲೆ ತಿರುಗುತ್ತಿತ್ತು.

ಒಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ರಾತ್ರಿ 11ಕ್ಕೆ ಲೈಬ್ರರಿ ಮುಚ್ಚಿದ ಮೇಲೆ ಹಾಸ್ಟೆಲ್ ದಾರಿಯಲ್ಲಿ ಹೆಣ್ಣುಮಕ್ಕಳನ್ನು ಕಾಡುತ್ತಿದ್ದ ಬೈಕಿನವರು ಕಾಣೆಯಾದರು. ಸೈಕಲ್ ಯಾವ ತಿರುವಿನಿಂದ ಬರುತ್ತದೋ ಗೊತ್ತಿಲ್ಲ ಅಲ್ವಾ. ಗಸ್ತಿನವರಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದೇನೆ: ಜೋಡಿಯಾಗಿ ಕೂತ ಮಕ್ಕಳನ್ನು ಎಬ್ಬಿಸಿ ಐಡಿ ಕೇಳುವುದು ನಮ್ಮ ಕೆಲಸ ಅಲ್ಲ.

ಕೂರುವ ಜಾಗಗಳು ಎಷ್ಟು, ಎಲ್ಲಿ, ಎಷ್ಟು ದಿನಕ್ಕೆ ಬದಲು ಅಂತ ಕೇಳಬೇಡಿ. ಮಳೆಗಾಲದಲ್ಲಿ ಪುಡಿ ನಿಲ್ಲುವುದಿಲ್ಲ. ಈಗ ಗೋಡೆ ತಲೆಗೆ ಹಸಿ ಜೇಡಿಮಣ್ಣು ಮೆತ್ತಿ ನೋಡುತ್ತಿದ್ದೇನೆ, ಜೋರು ಮಳೆಗೆ ಅದೂ ತೊಳೆದುಹೋಗುತ್ತಿದೆ. ಗರಗಸ ಬಿದ್ದ ಆ ಮರಕ್ಕೆ ಮೂರು ಬೆರಳು ಆಳದ ಗಾಯ. ಆ ಕನಕಪುರದ ಅಣ್ಣನೇ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿ ಗೋಣಿ ಸುತ್ತಿದರು. ಈ ಯುಗಾದಿಗೆ ಚಿಗುರಿದೆ.